ಮಕ್ಕಳ ಕತ್ತಿನ ಗಂಟಿಗೆ ಇನ್ನೊಂದು ಪರೀಕ್ಷೆ ಬೇಕು

ಬೆಂಗಳೂರಿನ ರಾಜಾಜಿನಗರದ ಒಂದು ಲ್ಯಾಬಿನಲ್ಲಿ ಬಯಾಪ್ಸಿ ಚೂರುಗಳನ್ನು ಮೇಣದ ಬ್ಲಾಕ್ ಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ಕೆಂಗೇರಿ, ವಿಜಯನಗರದ ಮಕ್ಕಳ ಕತ್ತಿನ ಗಂಟುಗಳೂ ಬರುತ್ತವೆ. ಎಷ್ಟೋ ಮಕ್ಕಳು ಅಷ್ಟರಲ್ಲಾಗಲೇ ಗಂಟು ಟಿಬಿಯದೆಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿರುತ್ತಾರೆ. ಸ್ಲೈಡಿನಲ್ಲಿ ಗೂಬೆಗಣ್ಣಿನಂಥ ಜೋಡಿ ನ್ಯೂಕ್ಲಿಯಸ್ಸಿನ ದೊಡ್ಡ ಕೋಶ ಕಂಡಾಗಲೇ ಅದು ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ತಿಳಿಯುವುದು.

ವರದಿ ಅಲ್ಲಿಗೇ ನಿಲ್ಲಬಾರದು. ಅದೇ ಬ್ಲಾಕಿನಿಂದ ಇನ್ನೊಂದು ಚೂರು ತೆಗೆದು ‘ಈಬರ್’ ಪರೀಕ್ಷೆ ಮಾಡಿದರೆ, ಎಪ್‌ಸ್ಟೀನ್-ಬಾರ್ ವೈರಸ್ ಹೊಕ್ಕ ಕೋಶಗಳು ಗಾಢ ಬಣ್ಣಕ್ಕೆ ತಿರುಗುತ್ತವೆ. ಆಫ್ರಿಕಾದ ಮಕ್ಕಳ ಬರ್ಕಿಟ್ ಲಿಂಫೋಮಾದಲ್ಲಿ 1964ರಲ್ಲಿ ಪತ್ತೆಯಾದ ವೈರಸ್ ಇದು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ನಡೆದ ಅಧ್ಯಯನಗಳಲ್ಲಿ ಮಕ್ಕಳ ಹಾಡ್ಜ್‌ಕಿನ್ ಗಂಟುಗಳ ಪೈಕಿ ಬಹುಪಾಲಿನಲ್ಲಿ ಇದು ಸಿಕ್ಕಿದೆ.

ನೂರಕ್ಕೆ ತೊಂಬತ್ತು ವಯಸ್ಕರ ಮೈಯಲ್ಲಿ ಇರುವ ವೈರಸ್ಸನ್ನೇ ಕಾರಣ ಎನ್ನುವುದು ಹೇಗೆ? ನ್ಯಾಯವಾದ ಪ್ರಶ್ನೆ. ಆರೋಗ್ಯವಂತರಲ್ಲಿ ಅದು ಬೆರಳೆಣಿಕೆಯ ಬಿಳಿ ರಕ್ತಕಣಗಳಲ್ಲಿ ಅವಿತಿರುತ್ತದೆ. ವೈರಸ್ ಸಿಕ್ಕ ಈ ಗಂಟುಗಳಲ್ಲಾದರೋ ಕ್ಯಾನ್ಸರ್ ಕೋಶಗಳಲ್ಲೆಲ್ಲ ಇರುತ್ತದೆ, ಅವೆಲ್ಲ ಸೋಂಕು ತಗುಲಿದ ಒಂದೇ ಕೋಶದ ಸಂತಾನ. ಗಂಟು ಬೆಳೆದ ಮೇಲೆ ವೈರಸ್ ಬಂದು ಸೇರಿಕೊಂಡಿತು ಎನ್ನಲು ಇಲ್ಲಿ ಆಸ್ಪದವಿಲ್ಲ. ಎಲ್ಲರ ಮೈಯಲ್ಲಿರುವುದು ಕೆಲವೇ ಮಕ್ಕಳಿಗೆ ಏಕೆ ಮುಳುವಾಗುತ್ತದೆ ಎಂಬುದನ್ನು ನಮ್ಮ ಮಕ್ಕಳ ಬ್ಲಾಕುಗಳಲ್ಲೇ ಹುಡುಕಬೇಕು.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಯ್ಯಲು ಮಗನ ಸ್ಲೈಡು ಕೇಳಿಕೊಂಡು ಬಂದ ಬಸವೇಶ್ವರನಗರದ ತಾಯಿಯೊಬ್ಬರು ವರದಿಯಲ್ಲಿ ‘ವೈರಸ್’ ಎಂದಿದ್ದಲ್ಲಿ ಬೆರಳಿಟ್ಟರು. “ಮೇಡಂ, ಇದು ಇವನ ತಂಗೀಗೂ ಅಂಟುತ್ತಾ? ತಟ್ಟೆ ಲೋಟ ಬೇರೆ ಇಡ್ಬೇಕಾ?”

“ಏನೂ ಬೇಡಮ್ಮ, ಕ್ಯಾನ್ಸರ್ ಅಂಟಲ್ಲ. ಆ ವೈರಸ್ ನಿಮ್ಮಲ್ಲೂ ನನ್ನಲ್ಲೂ ಇರುತ್ತೆ.”

ಇಷ್ಟು ಹೇಳಿದರೆ ಜನ ತಿಳಿದುಕೊಳ್ಳುತ್ತಾರೆ. ಅವರು ಹೆದರುತ್ತಾರೆಂದು ಪರೀಕ್ಷೆಯನ್ನೇ ಬಿಡುವುದು ಸರಿಯಲ್ಲ. ವೈರಸ್ ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬದಲಾದದ್ದೂ ಉಂಟು: ಗುಲ್ಮದ ಒಂದು ಬಗೆಯ ಲಿಂಫೋಮಾದಲ್ಲಿ ಹೆಪಟೈಟಿಸ್ ಸಿ ವೈರಸ್ಸಿಗೆ ಔಷಧ ಕೊಟ್ಟಾಗ ಹಲವರ ಕ್ಯಾನ್ಸರ್ ಕೂಡ ಇಳಿದಿದೆ.

ಬೆಂಗಳೂರಿನ ಕ್ಯಾನ್ಸರ್ ನೋಂದಣಿಗೆ 1982ರಿಂದ ಕಿದ್ವಾಯಿ ಸಂಸ್ಥೆಯೇ ನೆಲೆ. ಮಕ್ಕಳ ಲಿಂಫೋಮಾ ಎಂದು ತಿಳಿದ ಪ್ರತಿ ಬ್ಲಾಕಿಗೂ ಸರ್ಕಾರ ಅಲ್ಲಿ ಉಚಿತವಾಗಿ ಈಬರ್ ಪರೀಕ್ಷೆ ಮಾಡಿಸಲಿ, ಫಲಿತಾಂಶವನ್ನು ನೋಂದಣಿಯಲ್ಲಿ ಬರೆಸಲಿ. ಸ್ಕ್ಯಾನಿಗೇ ಸಾಲ ಮಾಡಿದ ಮನೆಯವರ ಮೇಲೆ ಈ ಖರ್ಚನ್ನೂ ಹೊರಿಸುವುದು ಬೇಡ. ಬ್ಲಾಕನ್ನು ಕೆಡದಂತೆ ಇಟ್ಟು, ಕೇಳಿದ ದಿನವೇ ಕಳಿಸುವುದು ನಮ್ಮಂಥ ಸಣ್ಣ ಲ್ಯಾಬುಗಳ ಪಾಲಿನ ಕೆಲಸ.