ಮೃತ್ಯುಪತ್ರವಿದ್ದೂ ಅಲೆದಾಟವೇಕೆ?

ನಿಪ್ಪಾಣಿಯ ತಂಬಾಕಿನಿಂದ, ಅಥಣಿ, ರಾಯಬಾಗ, ಕಾಗವಾಡಗಳ ಕಬ್ಬಿನಿಂದ ಬಂದ ಹಣ ಊರೂರಿನ ಸಹಕಾರಿ ಬ್ಯಾಂಕುಗಳಲ್ಲಿದೆ. ಖಾತೆದಾರ ತಂದೆ ತೀರಿಕೊಂಡಾಗ, ಮೃತ್ಯುಪತ್ರದಲ್ಲಿ ಎಕ್ಸಿಕ್ಯೂಟರ್ ಎಂದು ಹೆಸರಿಸಿದ ಮಗಳಿಗೆ ‘ಕೋರ್ಟಿನಿಂದ ಪ್ರೊಬೇಟ್ (ಮೃತ್ಯುಪತ್ರದ ದೃಢೀಕರಣ) ತನ್ನಿ’ ಎನ್ನುವುದು ಅನ್ಯಾಯ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 211ನೇ ಕಲಮು ಎಕ್ಸಿಕ್ಯೂಟರನ್ನೇ ಮೃತರ ಕಾನೂನುಬದ್ಧ ಪ್ರತಿನಿಧಿ ಎನ್ನುತ್ತದೆ. ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯವೆಂಬ ನಿಯಮ ಬಂದದ್ದು ಹಳೆಯ ಬಂಗಾಳ ಪ್ರಾಂತ ಮತ್ತು ಮದರಾಸು, ಮುಂಬಯಿ ನಗರಗಳಿಗಾಗಿ. ನಮ್ಮ ಚಿಕ್ಕೋಡಿ ಸೀಮೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದರೂ ಆ ನಗರದ ಕಟ್ಟಳೆ ಇಲ್ಲಿಗೆ ತಾಗಿರಲಿಲ್ಲ.

ಸುಳ್ಳು ಮೃತ್ಯುಪತ್ರ ತಂದರೆ ಬ್ಯಾಂಕಿನ ಗತಿಯೇನು ಎಂಬ ಅಳುಕು ನಿಜವಾದದ್ದೇ. ಆದರೆ ಇಬ್ಬರು ಸಾಕ್ಷಿಗಳ ಸಹಿ, ಉಳಿದ ವಾರಸುದಾರರ ಒಪ್ಪಿಗೆ, ನಷ್ಟಭರ್ತಿ ಮುಚ್ಚಳಿಕೆ ಅದಕ್ಕಾಗಿಯೇ ಇವೆ. ತಕರಾರು ಬಂದರೆ ಮಾತ್ರ ಕೋರ್ಟಿನ ದಾರಿ. ನಾಮಿನಿಯೂ ಮೃತ್ಯುಪತ್ರವೂ ಇಲ್ಲದ, ತಕರಾರಿಲ್ಲದ ಖಾತೆಗಳಿಗೇ ರಿಸರ್ವ್ ಬ್ಯಾಂಕ್ 2025ರಲ್ಲಿ ಸರಳ ವಿಧಾನ ತಂದಿದೆ: ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ, ಉಳಿದವುಗಳಲ್ಲಿ 15 ಲಕ್ಷ ರೂಪಾಯಿವರೆಗೆ. ತಂದೆ ಬರೆದಿಟ್ಟು ಹೋದ ಕುಟುಂಬಕ್ಕೆ, ಬರೆಯದೆ ಹೋದವರಿಗಿಂತ ಹೆಚ್ಚು ಕಷ್ಟ ಕೊಡುವುದು ಯಾವ ನ್ಯಾಯ? ರಿಸರ್ವ್ ಬ್ಯಾಂಕಿನ ಅಂಕೆಗೆ ಬಾರದ ಸೌಹಾರ್ದ ಪತ್ತಿನ ಸಂಘಗಳೂ ಇದೇ ವಿಧಾನವನ್ನು ತಮ್ಮ ಬೈಲಾದಲ್ಲಿ ಬರೆದುಕೊಳ್ಳಬೇಕು.