ಹುಟ್ಟುಗುಣವೂ ಮನೋವ್ಯಾಧಿಯೂ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಮಂಕಾಗಿ ಕುಳಿತರೆ ಮನೆಯವರು ಆಡುವ ಮಾತು ಒಂದೇ: ‘ಅವನು ಇರೋದೇ ಹಾಗೆ, ಹುಟ್ಟುಗುಣ ಸುಟ್ಟರೂ ಹೋಗದು.’ ಈ ಗಾದೆಯ ಮೇಲೆ ನನ್ನದೊಂದು ತಕರಾರಿದೆ. ಗುಣಕ್ಕೂ ಮನೋವ್ಯಾಧಿಗೂ ನಂಟಿಲ್ಲವೆಂದು ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ವೈದ್ಯರ ಬಳಿಗೆ ಹೋಗಬೇಕಾದವರು ಮನೆಯ ಮೂಲೆಯಲ್ಲೇ ಉಳಿಯುತ್ತಿದ್ದಾರೆ, ಅಷ್ಟೆ.

ನಂಟು ಇರುವುದಂತೂ ನಿಜ. ಸಣ್ಣ ಮಾತಿಗೂ ನೊಂದುಕೊಳ್ಳುವ, ನಾಳಿನದನ್ನು ನೆನೆದು ಇಂದೇ ಕಳವಳಪಡುವ ಗುಣಕ್ಕೆ ಮನಶ್ಶಾಸ್ತ್ರಜ್ಞರು ‘ನ್ಯೂರೋಟಿಸಿಸಂ’ ಎನ್ನುತ್ತಾರೆ. ಹ್ಯಾನ್ಸ್ ಐಸೆಂಕ್ 1947ರಷ್ಟು ಹಿಂದೆಯೇ ಅದನ್ನು ವ್ಯಕ್ತಿತ್ವದ ಮುಖ್ಯ ಆಯಾಮವೆಂದು ಎಣಿಸಿದ್ದರು. ಈ ಗುಣ ಹೆಚ್ಚಾಗಿರುವವರಿಗೆ ಖಿನ್ನತೆಯ ಸಂಭವವೂ ಹೆಚ್ಚು. ಮಳೆ ಕೈಕೊಟ್ಟ ವರ್ಷ ಶೇಂಗಾ ಎಲ್ಲರ ಹೊಲದಲ್ಲೂ ಒಣಗುತ್ತದೆ. ಒಬ್ಬ ರೈತ ವಿಧಿಯನ್ನು ಬೈದು ಮುಂದಿನ ಬಿತ್ತನೆಗೆ ಅಣಿಯಾಗುತ್ತಾನೆ, ಇನ್ನೊಬ್ಬ ತನ್ನದೇ ತಪ್ಪೆಂದು ಮಾತು ಬಿಡುತ್ತಾನೆ. ಆದರೆ ಕಳವಳದ ಗುಣವಿದ್ದೂ ಖಿನ್ನತೆ ಕಾಣದೆ ಬಾಳಿದವರು ಬೇಕಾದಷ್ಟು ಮಂದಿ.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಮನುಷ್ಯನನ್ನು ನೆರೆಯವನೊಡನೆ ಹೋಲಿಸದೆ ಅವನೊಡನೆಯೇ ಹೋಲಿಸಬೇಕು. ಮೊಳಕಾಲ್ಮೂರಿನ ನೇಕಾರನೊಬ್ಬ ಮೊದಲಿನಿಂದಲೂ ಮಿತಭಾಷಿ ಎನ್ನೋಣ. ಅದು ಅವನ ಗುಣ. ಎರಡು ವಾರ ಕಳೆದರೂ ಅವನಿಗೆ ನಿದ್ದೆ ಹತ್ತದೆ, ಊಟ ಸೇರದೆ, ಪ್ರೀತಿಯ ಮಗ್ಗದ ಮುಂದೆ ಕೂರಲು ಮನಸ್ಸೇ ಬಾರದಿದ್ದರೆ ಅದು ಗುಣವಲ್ಲ, ಖಿನ್ನತೆ.

ಉಲ್ಲಾಸಿಗಳ ಪಾಡು ಇನ್ನೂ ಕಷ್ಟ. ಚಳ್ಳಕೆರೆಯ ಎಣ್ಣೆ ವ್ಯಾಪಾರಿಯೊಬ್ಬ ವಾರಗಟ್ಟಲೆ ನಿದ್ದೆಯಿಲ್ಲದೆಯೂ ದಣಿಯದೆ, ಎಡೆಬಿಡದೆ ಮಾತಾಡುತ್ತ, ಕಂಡಕಂಡಲ್ಲಿ ಸಾಲವೆತ್ತಿದರೆ ‘ಭಾರೀ ಚುರುಕು’ ಎಂದು ನಾವು ಮೆಚ್ಚುತ್ತೇವೆ! ಅದು ಉನ್ಮಾದದ ಲಕ್ಷಣವಿರಬಹುದು. ಮುಂದೆ ಅವನೇ ಕುಸಿದು ಕುಳಿತಾಗ ಮನೆಯವರು ವೈದ್ಯರಿಗೆ ಬರಿಯ ದುಃಖವನ್ನು ವರದಿ ಮಾಡುತ್ತಾರೆ. ದ್ವಿಧ್ರುವ ವ್ಯಾಧಿಯಿರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಮರುಕಳಿಸುವ ಅಪಾಯವುಂಟು. ಹಿಂದಿನ ಆ ‘ಚುರುಕಿನ’ ದಿನಗಳನ್ನು ವೈದ್ಯರಿಗೆ ಹೇಳಲೇಬೇಕು.

ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ನೀಡಿಸಬಹುದೆಂದು ನಿಮ್ಹಾನ್ಸ್ 1985ರಿಂದ ಪ್ರಯೋಗ ನಡೆಸಿ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ ‘ಟೆಲಿ ಮಾನಸ್’ ಸಹಾಯವಾಣಿಯೂ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.