ಸಾಕವ್ವನ ತಳಮಳಕ್ಕೆ ತೆರೆಯ ಮೇಲೆ ಜಾಗವೆಲ್ಲಿ?

ದುಡಿಮೆ, ದಾಂಪತ್ಯ, ತಾಯ್ತನಗಳಲ್ಲಿ ಅರ್ಧ ಆಯುಷ್ಯ ಸವೆದ ಮೇಲೆ ಬದುಕಿನ ಅರ್ಥದ ಬಗೆಗೇ ಏಳುವ ತಳಮಳವನ್ನು ನಡುವಯಸ್ಸಿನ ಬಿಕ್ಕಟ್ಟು ಎನ್ನಲಾಗುತ್ತದೆ. 1965ರಲ್ಲಿ ಈ ಪರಿಕಲ್ಪನೆಯನ್ನು ಮಂಡಿಸಿದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಆಧಾರವಾಗಿಟ್ಟುಕೊಂಡದ್ದು ಹೆಸರಾಂತ ಕಲಾವಿದರ ಬದುಕುಗಳನ್ನು. ಬಿಡುವು, ಪ್ರತಿಭೆ, ಅನುಕೂಲಗಳಿದ್ದವರಿಗಷ್ಟೇ ಇಂಥ ತಳಮಳ ಸಾಧ್ಯವೆಂಬ ಗ್ರಹಿಕೆಯನ್ನು ಸಿನಿಮಾವೂ ಹೆಚ್ಚುಕಡಿಮೆ ಪ್ರಶ್ನಿಸದೆಯೇ ಒಪ್ಪಿಕೊಂಡಿತು. ದಕ್ಷಿಣ ಕೊರಿಯಾದ ಲೀ ಚಾಂಗ್ ಡಾಂಗ್ ಅವರ ‘ಪೊಯೆಟ್ರಿ’ (2010) ಈ ಕಾರಣಕ್ಕೇ ಮುಖ್ಯವಾಗುತ್ತದೆ: ಮೊಮ್ಮಗನನ್ನು ಸಾಕುತ್ತ, ಪಾರ್ಶ್ವವಾಯು ಪೀಡಿತ ವೃದ್ಧನ ಆರೈಕೆಯ ಕೂಲಿಯಿಂದ ದಿನ ದೂಡುವ ಅರವತ್ತು ದಾಟಿದ ಮಿಜಾಗೆ ಒಂದು ಕವಿತೆ ಬರೆಯುವ ಹಂಬಲವಿದೆ, ಮತ್ತು ಆ ಹಂಬಲವನ್ನು ಚಿತ್ರ ಅವಳ ಕೂಲಿಯಷ್ಟೇ ಗಂಭೀರವಾಗಿ ಕಾಣುತ್ತದೆ.

ಕನ್ನಡದಲ್ಲಿ ಹೆಣ್ಣಿನ ಒಳಗುದಿಯನ್ನು ಜನಪ್ರಿಯ ಸಿನಿಮಾದ ವಸ್ತುವಾಗಿಸಿದ ಶ್ರೇಯಸ್ಸು ಮೈಸೂರು ಜಿಲ್ಲೆಯವರಾದ ಪುಟ್ಟಣ್ಣ ಕಣಗಾಲರಿಗೆ ಸಲ್ಲಬೇಕು. ‘ಶರಪಂಜರ’ದ (1971) ಕಾವೇರಿ, ‘ಎಡಕಲ್ಲು ಗುಡ್ಡದ ಮೇಲೆ’ಯ (1973) ಮಾಧವಿ ಇಂದಿಗೂ ಮಾಸದ ಪಾತ್ರಗಳು, ಆದರೆ ಇಬ್ಬರೂ ಊಟಬಟ್ಟೆಯ ಚಿಂತೆಯಿಲ್ಲದ ಮನೆಗಳವರು. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ (2008), ಗಂಡ ಬಿಟ್ಟುಹೋದ ಮುಸ್ಲಿಂ ಸೂಲಗಿತ್ತಿಯೊಬ್ಬಳಿಗೆ ಸಿನಿಮಾದ ಮೇಲಿರುವ ಮೋಹವನ್ನು ಕೇಂದ್ರಕ್ಕೆ ತಂದು ಈ ಗಡಿಯನ್ನು ದಾಟಿತು.

ಮೈಸೂರು ಸೀಮೆಯಲ್ಲಿ ಹರಿಯುವ ಕಪಿಲೆಯ ದಂಡೆಯ ಸಾಹಿತ್ಯ ಈ ಗಡಿಯನ್ನು ಬಹಳ ಮೊದಲೇ ದಾಟಿತ್ತು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ದಲಿತ ಮುದುಕಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತ ಶಾಪ ಹಾಕುತ್ತಾಳೆ, ಮನೆಮಂದಿಯೆಲ್ಲ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ತಿನ್ನುತ್ತಾರೆ, ಅದೇ ಮನೆಯ ಗೋಡೆಯ ಮೇಲೆ ಮನೆಯ ಹುಡುಗಿ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಹಸಿವೂ ಚೆಲುವಿನ ಬಯಕೆಯೂ ಒಂದೇ ಸೂರಿನಡಿ ಇರಬಲ್ಲವೆಂಬುದನ್ನು ಇಷ್ಟು ಸಹಜವಾಗಿ ತೋರಿಸಿದ ಕನ್ನಡ ಚಿತ್ರಕಥೆಗಳು ಅಪರೂಪ. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನದ ರಂಗರೂಪದಲ್ಲಿ ಸಾಕವ್ವನಾಗಿ ಮನೆಮಾತಾದ ಉಮಾಶ್ರೀ ಅವರೇ ಮುಂದೆ ‘ಗುಲಾಬಿ ಟಾಕೀಸ್’ನ ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರೆಂಬುದು, ವಯಸ್ಸಾದ ಬಡ ಹೆಣ್ಣಿನ ಪಾತ್ರ ಪ್ರೇಕ್ಷಕರನ್ನು ಹಿಡಿದಿಡಲಾರದೆಂಬ ವಾದವನ್ನು ತಳ್ಳಿಹಾಕುತ್ತದೆ.

ತೆರೆಗೆ ಬಾರದ ಇಂಥ ಬದುಕುಗಳಿಗೆ ಉದಾಹರಣೆಯಾಗಿ ಇದೇ ಸೀಮೆಯ ಟಿ. ನರಸೀಪುರದ ಸರ್ಕಾರಿ ರೇಷ್ಮೆ ನೂಲು ಕಾರ್ಖಾನೆಯನ್ನೇ ತೆಗೆದುಕೊಳ್ಳಬಹುದು. ಬೆಂದ ಗೂಡಿನಿಂದ ಎಳೆಯ ತುದಿ ಹಿಡಿದು ಬಿಚ್ಚುವ ನೂಲು ಬಿಚ್ಚಾಣಿಕೆ ಎಂಬ ಕೆಲಸ, ಬಿಸಿನೀರಿನ ಹಬೆ ಮತ್ತು ಹುಳುವಿನ ವಾಸನೆಯ ನಡುವೆ ಕಣ್ಣು ಕೀಲಿಸಿ ನಿಲ್ಲುವ ತಾಳ್ಮೆಯನ್ನು ಬೇಡುತ್ತದೆ. ಮೈಸೂರು ಸಿಲ್ಕ್ ಉಟ್ಟವಳ ಮನಸ್ಸು ಚಿತ್ರದ ವಸ್ತುವಾಗುವಾಗ, ನೂಲು ತೆಗೆದವಳ ಮನಸ್ಸು ಹಿನ್ನೆಲೆಯ ದೃಶ್ಯವಾಗಿಯೂ ಕಾಣದಿರುವುದು ಅನ್ಯಾಯ. ಈ ಸೀಮೆಯ ಎಷ್ಟೋ ಹೆಂಗಸರು ನಲವತ್ತು ದಾಟುವ ಹೊತ್ತಿಗೇ ಅತ್ತೆಯೋ ಅಜ್ಜಿಯೋ ಆಗಿ, ಸ್ವಸಹಾಯ ಸಂಘದ ಕಂತು, ಮಗಳ ಬಾಣಂತನ, ಮುಟ್ಟು ನಿಲ್ಲುವ ಸಂಕಟಗಳನ್ನು ಒಟ್ಟೊಟ್ಟಿಗೇ ಹೊರುತ್ತಾರೆ.

ಪ್ರಾತಿನಿಧ್ಯವೆಂದರೆ ಇಂಥ ಹೆಣ್ಣಿಗೊಂದು ಪಾತ್ರ ಕೊಡುವುದಷ್ಟೇ ಅಲ್ಲ, ಅವಳಿಗೆ ನೆನಪು, ಬಯಕೆ, ಸಿಟ್ಟುಗಳಿವೆಯೆಂದು ಒಪ್ಪಿ ಕಥೆಯ ದಿಕ್ಕನ್ನು ಅವಳ ಕೈಗೆ ಕೊಡುವುದು. ದೇವನೂರರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಈ ಸೀಮೆಯ ಆಡುನುಡಿ ಸಿನಿಮಾದಲ್ಲಿ ಹಲವು ಸಲ ನಗಿಸುವ ಪಾತ್ರಗಳಿಗಷ್ಟೇ ಮೀಸಲಾಗಿರುವುದರಿಂದ, ಆ ನುಡಿಯಲ್ಲೇ ಬೆಳೆದ ಹೆಣ್ಣುಮಕ್ಕಳು ಸಂಭಾಷಣೆ, ಚಿತ್ರಕಥೆ ಬರೆಯಲು ಕುಳಿತುಕೊಳ್ಳುವುದೇ ಆಗಬೇಕಾದ ಮೊದಲ ಕೆಲಸ, ಸಹಾಯಧನ ಕೊಡುವ ಸರ್ಕಾರವೂ ಚಲನಚಿತ್ರ ಅಕಾಡೆಮಿಯೂ ಅವರಿಗಾಗಿ ತಾಲ್ಲೂಕು ಮಟ್ಟದಲ್ಲೇ ಚಿತ್ರಕಥಾ ಶಿಬಿರಗಳನ್ನು ನಡೆಸಬಹುದು.